ಸಂಕ್ರಾಂತಿಗೆ ಕೊಟ್ಟ ಚೀಲಗಳು

ಚನ್ನಪಟ್ಟಣ ಎಂದರೆ ಎಲ್ಲರೂ ಬೊಂಬೆ ಎನ್ನುತ್ತಾರೆ. ನಾನು ಅಲ್ಲೇ ಎಷ್ಟೋ ವರ್ಷದಿಂದ ರಬ್ಬರ್ ವಾಷರ್ ಮಾಡುತ್ತಿದ್ದೇನೆ, ಅದನ್ನು ಯಾರೂ ಹೊಗಳಿದ್ದು ಕಾಣೆ. ನಿಮ್ಮ ಬೋರ್‌ವೆಲ್ ಪಂಪಿನ ಒಳಗೆ, ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರಿನ ಕುತ್ತಿಗೆಯಲ್ಲಿ, ಪೈಪಿನ ಜಾಯಿಂಟಿನಲ್ಲಿ ಕಾಣದಂತೆ ಕೂತಿರುವ ಕಪ್ಪು ಉಂಗುರ ನನ್ನದೇ ಇರಬಹುದು. ಸೋರದೆ ಇರುವಷ್ಟು ದಿನ ಅದರ ನೆನಪು ಯಾರಿಗೂ ಬರುವುದಿಲ್ಲ. ಸೋರಿದ ದಿನ ಮಾಡಿದವರಿಗೆ ಬೈಗುಳ ಸಿಗುತ್ತದೆ. ಆ ಬೈಗುಳ ನನಗೆ ಬಹಳ ಕಡಿಮೆ ಸಿಕ್ಕಿದೆ ಎಂದು ಎದೆ ತಟ್ಟಿ ಹೇಳಬಲ್ಲೆ.

ಹೊಂಗನೂರಿನ ರಸ್ತೆಯಲ್ಲಿ, ಬಸ್ಸು ನಿಲ್ಲದ ಜಾಗದಲ್ಲಿ ನನ್ನ ಶೆಡ್ಡು. ಒಂದು ಮಿಲ್ಲು, ನಾಲ್ಕು ಪ್ರೆಸ್ಸು, ಒಂದು ಬಾಯ್ಲರ್, ಹನ್ನೆರಡು ಜನ ಕೆಲಸದವರು. ಮಿಲ್ಲು ಎಂದರೆ ಒಂದಕ್ಕೊಂದು ಎದುರಾಗಿ ತಿರುಗುವ ಎರಡು ದಪ್ಪ ಕಬ್ಬಿಣದ ಉರುಳೆ. ಕಬ್ಬಿನ ಗಾಣ ನೋಡಿದವರಿಗೆ ಬೇರೆ ವಿವರಣೆ ಬೇಡ. ಅದರ ನಡುವೆ ರಬ್ಬರ್ ಹಾಕಿ, ಅದು ಚಪಾತಿ ಹಿಟ್ಟಿನ ಹದಕ್ಕೆ ಬಂದ ಮೇಲೆ ಕಾರ್ಬನ್, ಎಣ್ಣೆ, ಗಂಧಕ ಎಲ್ಲ ಬೆರೆಸಿ ಹದ ಮಾಡುತ್ತೇವೆ. ಆಮೇಲೆ ಅಚ್ಚಿಗೆ ಹಾಕಿ ಪ್ರೆಸ್ಸಿನಲ್ಲಿ ಬೇಯಿಸುತ್ತೇವೆ. ಬೆಂದು ಬಂದ ವಾಷರಿನ ಅಂಚಿನಲ್ಲಿ ಉಳಿಯುವ ತೆಳು ಚೂರನ್ನು ಹೆಂಗಸರು ಕತ್ತರಿಯಲ್ಲಿ ಕತ್ತರಿಸಿ ತೆಗೆಯುತ್ತಾರೆ. ಕೆಲಸ ಇಷ್ಟೇ. ಹೇಳುವುದಕ್ಕೆ ಸುಲಭ.

ರಬ್ಬರಿನ ಬಣ್ಣ ಕಪ್ಪು ಎಂದುಕೊಂಡವರು ಬಹಳ ಜನ. ಮರದ ಹಾಲಿನಿಂದ ಬಂದ ಪದಾರ್ಥ, ಕಪ್ಪು ಎಲ್ಲಿಂದ ಬರಬೇಕು? ಕಪ್ಪು ಬರುವುದು ಕಾರ್ಬನ್ನಿನಿಂದ. ಅದು ಮಸಿ, ಆದರೆ ದೀಪದ ಮಸಿಗಿಂತ ನೂರು ಪಾಲು ನುಣುಪು. ಚೀಲ ಬಿಚ್ಚಿದರೆ ಸಾಕು, ಹೇಳದೆ ಕೇಳದೆ ಎದ್ದು ಹೋಗುತ್ತದೆ. ಮೊದಲ ವರ್ಷಗಳಲ್ಲಿ ನಾವು ಅದನ್ನು ಮೊರದಲ್ಲಿ ತುಂಬಿ ಮಿಲ್ಲಿನ ಮೇಲೆ ಸುರಿಯುತ್ತಿದ್ದೆವು. ಸೀನಿದರೆ ಕರ್ಚೀಫು ಕಪ್ಪು. ಬೆಳಗ್ಗೆ ಹಾಕಿದ ಚಹಾಕ್ಕೆ ಕೆನೆಯ ಬದಲು ಮಸಿ ಕಟ್ಟುತ್ತಿತ್ತು. ಮಿಲ್ಲು ನಡೆಸುವವನು ಮಾಗಡಿ ಕಡೆ ಕಲ್ಯದವನು, ಮಾತು ಕಡಿಮೆ, ಆಡಿದರೆ ಕಚ್ಚುವಂಥದು. "ನಮ್ಮ ಮನೇಲಿ ಕನ್ನಡಿ ನೋಡೋದು ಬುಟ್ಬುಟ್ಟೆ ಮೇಡಂ, ಎಲ್ಲಾ ದಿನಾನೂ ಅದೇ ಮುಖ" ಎನ್ನುತ್ತಿದ್ದ. ನಾನು ನಗುತ್ತಿದ್ದೆ. ಕೆಲಸ ಎಂದರೆ ಹೀಗೇ ಇರುತ್ತದೆ ಎಂದು ಆಗ ನಂಬಿದ್ದೆ.

ಆ ನಂಬಿಕೆಯನ್ನು ಬಿಡಿಸಿದವಳು ಪಕ್ಕದ ತೋಟದ ಅಕ್ಕ. ನನ್ನ ಕಾಂಪೌಂಡಿನ ಆಚೆ ಅವರ ಎರಡು ಎಕರೆ ಹಿಪ್ಪುನೇರಳೆ. ತೋಟದ ಮೂಲೆಯಲ್ಲಿ ಹುಳದ ಮನೆ. ಅವಳೂ ಅವಳ ಗಂಡನೂ ವರ್ಷಕ್ಕೆ ಐದಾರು ಬೆಳೆ ರೇಷ್ಮೆ ಹುಳ ಸಾಕಿ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕುವವರು. ನನಗಿಂತ ಹತ್ತು ವರ್ಷ ದೊಡ್ಡವಳು. ಒಂದು ದಿನ ಬೆಳಗ್ಗೆ ಕಾಂಪೌಂಡಿನ ಹತ್ತಿರ ನಿಂತು ಕೂಗಿದಳು. ಹೋದೆ. ಅವಳ ಕೈಯಲ್ಲಿ ಒಂದು ಸೊಪ್ಪು, ಇನ್ನೊಂದು ಕೈಯಲ್ಲಿ ಗಂಡನ ಬಿಳಿ ಟವೆಲ್ಲು. ನನ್ನ ಎದುರೇ ಸೊಪ್ಪನ್ನು ಟವೆಲ್ಲಿನಿಂದ ಒರೆಸಿದಳು. ಟವೆಲ್ಲಿನ ಮೇಲೆ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ ಬಿತ್ತು.

"ನೋಡವ್ವ, ನಿನ್ ಫ್ಯಾಕ್ಟ್ರಿ ಮಸೀನ ನನ್ ಹುಳ ತಿಂತಾ ಅವೆ. ಅವಕ್ಕೆ ಬಾಯಿ ಇಲ್ಲ, ನಂಗೈತೆ. ಅದ್ಕೇ ಬಂದೆ" ಎಂದಳು.

ಜಗಳಕ್ಕೆ ಬಂದಿದ್ದರೆ ನಾನೂ ಜಗಳವಾಡುತ್ತಿದ್ದೆ, ನನ್ನ ನಾಲಿಗೆ ಅಂಥದ್ದೇ. ಆದರೆ ಟವೆಲ್ಲಿನ ಮುಂದೆ ಏನು ವಾದ ಮಾಡುವುದು? ನಾನು ಹುಟ್ಟಿದ್ದು ಕೂಡ ಹುಳ ಸಾಕುವ ಮನೆಯಲ್ಲೇ. ಬೀಡಿ ಸೇದಿ ಬಂದವನ ಕೈ ತಾಗಿದರೂ ಹುಳ ಸೊಪ್ಪು ಬಿಡುತ್ತದೆ ಎಂದು ಗೊತ್ತಿದ್ದವಳು. "ಅಕ್ಕ, ನನಗೆ ಒಂದು ವರ್ಷ ಕೊಡು. ಈ ಟವೆಲ್ಲಿನ ಮೇಲೆ ಕಪ್ಪು ಬೀಳದ ಹಾಗೆ ಮಾಡುತ್ತೇನೆ" ಎಂದೆ.

ಮಾಡಿದೆ ಕೂಡ. ಇದನ್ನು ಹೇಳುವಾಗ ಸ್ವಲ್ಪ ಜಂಬ ಬಂದರೆ ಓದುವವರು ಸಹಿಸಿಕೊಳ್ಳಬೇಕು. ಮೊದಲು ಮಿಲ್ಲಿನ ಸುತ್ತ ಗೋಡೆ ಎಬ್ಬಿಸಿ ಅದನ್ನು ಒಂದು ಕೋಣೆ ಮಾಡಿದೆ. ಮೇಲಿನಿಂದ ಗಾಳಿ ಎಳೆಯುವ ಕೊಳವೆ, ಅದರ ತುದಿಗೆ ಉದ್ದುದ್ದನೆಯ ಬಟ್ಟೆ ಚೀಲಗಳು, ಹಾರುವ ಮಸಿಯೆಲ್ಲ ಅಲ್ಲಿ ಸಿಕ್ಕಿಬೀಳಬೇಕು. ಕಾರ್ಬನ್ನನ್ನು ಮೊರದಲ್ಲಿ ಸುರಿಯುವುದು ನಿಂತಿತು. ಬಿಸಿಗೆ ಕರಗಿ ರಬ್ಬರಿನಲ್ಲೇ ಬೆರೆತುಹೋಗುವ ತೆಳು ಪ್ಲಾಸ್ಟಿಕ್ ಚೀಲ ಸಿಗುತ್ತದೆ. ಅದರಲ್ಲಿ ತೂಕ ಮಾಡಿ, ಬಾಯಿ ಕಟ್ಟಿ, ಚೀಲದ ಸಮೇತ ಮಿಲ್ಲಿಗೆ ಹಾಕುವುದು. ಚಟ್ನಿಗೆ ಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ಹಾಕಿದಂತೆ ಎಂದು ಮಿಲ್ಲಿನವನು ಮೂಗು ಮುರಿದ. ಒಂದು ವಾರಕ್ಕೆ ಅವನ ಕೆಮ್ಮು ಕಡಿಮೆಯಾಯಿತು, ಮೂಗೂ ನೆಟ್ಟಗಾಯಿತು.

ಉರುಳೆ ಬಿಸಿಯಾಗದಂತೆ ಹರಿಸುವ ನೀರು ಮೊದಲು ಚರಂಡಿ ಸೇರುತ್ತಿತ್ತು. ತೊಟ್ಟಿ ಕಟ್ಟಿಸಿ ಅದೇ ನೀರನ್ನು ಸುತ್ತಿಸಿದೆ. ಕತ್ತರಿಸಿ ಉಳಿದ ರಬ್ಬರ್ ಚೂರನ್ನು ಬಾಯ್ಲರಿಗೆ ಹಾಕಿ ಉರಿಸುವ ಕೆಟ್ಟ ಚಾಳಿ ಇತ್ತು, ಎಲ್ಲರಿಗೂ ಇತ್ತು, ನನಗೂ. ಧಗಧಗ ಉರಿಯುತ್ತದೆ, ಸೌದೆ ಉಳಿಯುತ್ತದೆ, ಹೊಗೆ ಮಾತ್ರ ಮಸಣದ ಹೊಗೆ. ಅದನ್ನು ನಿಲ್ಲಿಸಿ ಚೂರನ್ನೆಲ್ಲ ಕಾಲೊರೆಸುವ ಮ್ಯಾಟು ಮಾಡುವವರಿಗೆ ಕೊಡತೊಡಗಿದೆ. ಬಾಯ್ಲರಿಗೆ ಹಿಪ್ಪುನೇರಳೆ ಕಡ್ಡಿ ಬಂತು. ಹುಳ ಸೊಪ್ಪು ತಿಂದ ಮೇಲೆ ಉಳಿಯುವ ಒಣ ಕಡ್ಡಿ, ಈ ಸುತ್ತಿನಲ್ಲಿ ಅದಕ್ಕೇನು ಬರ. ಹಬೆ ಹೋಗುವ ಪೈಪುಗಳಿಗೂ ಪ್ರೆಸ್ಸುಗಳಿಗೂ ಚಳಿಗಾಲದ ಮಕ್ಕಳಿಗೆ ಹೊದಿಸಿದ ಹಾಗೆ ದಪ್ಪ ಹೊದಿಕೆ ಹೊದಿಸಿದೆ. ಸೌದೆ ತಿನ್ನುವುದು ಅರ್ಧಕ್ಕರ್ಧ ತಗ್ಗಿತು.

ಪರೀಕ್ಷೆ ಮಾಡುವವಳು ಅಕ್ಕ. ವಾರಕ್ಕೊಮ್ಮೆ ಸೊಪ್ಪು ಒರೆಸಿ ಬಿಳಿ ಬಟ್ಟೆಯನ್ನು ಕಾಂಪೌಂಡಿನ ಮೇಲೆ ಹಾಸುತ್ತಿದ್ದಳು. ಬಟ್ಟೆ ಬೂದು ಬಣ್ಣಕ್ಕೆ ಬಂತು, ಆಮೇಲೆ ಬರೀ ಹೊಲದ ಧೂಳಿನ ಕೆಂಪು, ಕೊನೆಗೆ ಒಂದು ದಿನ ಏನೂ ಇಲ್ಲ. "ಪಾಸು" ಎಂದಳು. ತಪಾಸಣೆಗೆ ಬಂದ ಅಧಿಕಾರಿಗಳು ಹೇಳಿದ್ದಕ್ಕಿಂತ ಆ ಒಂದು ಮಾತು ನನಗೆ ದೊಡ್ಡದಾಗಿತ್ತು. ಸಣ್ಣ ಕೈಗಾರಿಕೆಯವರ ಸಭೆಯಲ್ಲಿ ಮೈಕು ಕೊಟ್ಟಾಗ ನಾನು ಈ ಬಟ್ಟೆಯ ಕತೆಯನ್ನೇ ಹೇಳಿ ಚಪ್ಪಾಳೆ ತೆಗೆದುಕೊಂಡೆ. ನನ್ನ ಕಾರ್ಖಾನೆಯಿಂದ ಕಸ ಎಂಬುದೇ ಆಚೆ ಹೋಗುವುದಿಲ್ಲ, ಖಾಲಿ ಚೀಲ ಕೂಡ ವ್ಯರ್ಥವಾಗುವುದಿಲ್ಲ ಎಂದು ಆ ಸಭೆಯಲ್ಲಿ ಹೇಳಿದ್ದು ನನಗೆ ಈಗಲೂ ನೆನಪಿದೆ.

ಆ ಖಾಲಿ ಚೀಲಗಳ ಸಂಗತಿ ಹೀಗೆ. ನಮ್ಮ ಕಡೆ ಗಟ್ಟಿ ಚೀಲವನ್ನು ಯಾರೂ ಬಿಸಾಡುವುದಿಲ್ಲ. ಸಂಕ್ರಾಂತಿ ಹೊತ್ತಿಗೆ ರಾಗಿ ಒಕ್ಕಣೆ ಮುಗಿದು ಮನೆಮನೆಯಲ್ಲೂ ಚೀಲಕ್ಕೆ ಪರದಾಟ. ಹೀಗಾಗಿ ನಾನು ವರ್ಷವಿಡೀ ಖಾಲಿ ಚೀಲಗಳನ್ನು ಕೂಡಿಸಿ, ಒಗೆಸಿ, ಒಣಗಿಸಿ, ಸಂಕ್ರಾಂತಿಯ ದಿನ ಎಳ್ಳುಬೆಲ್ಲದ ಜೊತೆ ಕೆಲಸದವರಿಗೂ ಅಕ್ಕನಿಗೂ ಹಂಚುತ್ತಿದ್ದೆ. ಕಾರ್ಬನ್ನಿನ ಚೀಲ ಕೊಡುತ್ತಿರಲಿಲ್ಲ, ಅದರ ಮಸಿ ಏಳು ನೀರಿಗೂ ಹೋಗುವುದಿಲ್ಲ. ಕೊಡುತ್ತಿದ್ದುದು ರಬ್ಬರಿಗೆ ಬೆರೆಸುವ ಬಿಳಿ ಜೇಡಿಮಣ್ಣಿನ ಪುಡಿಯ ಚೀಲ. ಒಂದು ಸಲ ಒದರಿ ಒಗೆದರೆ ಹೊಸದರ ಹಾಗೆ. ಹೋದ ಸಂಕ್ರಾಂತಿಗೆ ಆ ಚೀಲ ಸಾಲಲಿಲ್ಲ. ರಾಗಿ ಚೆನ್ನಾಗಿ ಬಂದಿತ್ತು, ಎಲ್ಲರೂ ಎರಡು ಕೊಡಿ ಮೂರು ಕೊಡಿ ಎನ್ನುವವರೇ. ಗೋದಾಮಿನಲ್ಲಿ ನೀಲಿ ಗೆರೆಯ ಹದಿನೆಂಟು ಚೀಲ ಇದ್ದವು, ಅದರಲ್ಲಿ ಬಂದಿದ್ದೂ ಬಿಳಿ ಪುಡಿಯೇ. ಒಗೆಯಲು ಹೊತ್ತಿರಲಿಲ್ಲ, ಒದರಿಸಿದೆ. ನಾನೇ ನನ್ನ ಕೈಯಾರೆ ಮಡಿಸಿ ಕೊಟ್ಟೆ. ಅಕ್ಕನಿಗೆ ನಾಲ್ಕು.

ಅದಾಗಿ ಒಂದು ತಿಂಗಳಿರಬಹುದು. ಅಕ್ಕನ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಹುಳ ಪೊರೆ ಬಿಡಲು ತಿನ್ನುವುದು ಬಿಟ್ಟು ಸುಮ್ಮನೆ ತಲೆ ಎತ್ತಿ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದನ್ನು ಎದ್ದ ಹುಳ ಮಳೆ ಸುರಿದ ಹಾಗೆ ಸದ್ದು ಮಾಡಿಕೊಂಡು ಸೊಪ್ಪು ಮುಕ್ಕುತ್ತದೆ, ಒಂದು ವಾರದಲ್ಲಿ ಹಣ್ಣಾಗಿ ಗೂಡು ಕಟ್ಟುತ್ತದೆ. ಅಂಥ ಹುಳ ಒಂದು ಬೆಳಗ್ಗೆ ಸೊಪ್ಪು ಬಿಟ್ಟವು. ತಲೆ ಅತ್ತಿತ್ತ ಆಡಿಸುವುದು, ಹಸಿರು ನೀರು ಕಕ್ಕುವುದು, ಕಡ್ಡಿಯ ಹಿಡಿತ ಬಿಟ್ಟು ಕೆಳಗೆ ಬೀಳುವುದು. ಅಕ್ಕ ಕಾಂಪೌಂಡಿನ ಹತ್ತಿರ ಬಂದು ಕೂಗಿದ ಕೂಗಿಗೆ ಪ್ರೆಸ್ಸಿನವರೂ ನಾನೂ ಕೆಲಸ ಬಿಟ್ಟು ಓಡಿದೆವು.

"ಏನ್ ಬುಟ್ಟೆ ಕಣವ್ವ ನೀನು? ಏನ್ ಬುಟ್ಟೆ ಗಾಳೀಗೆ?"

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟೆಲ್ಲ ಮಾಡಿದ ಮೇಲೂ ಬೆರಳು ನನ್ನ ಕಡೆಗೇ? "ಬಟ್ಟೆ ತಗೊಂಡು ಬಾ ಅಕ್ಕ, ಒರೆಸು" ಎಂದೆ. ಒರೆಸಿದಳು. ಬಟ್ಟೆ ಬಿಳಿಯದಾಗಿಯೇ ಇತ್ತು. ಇನ್ನೊಂದು ಸೊಪ್ಪು, ಮತ್ತೊಂದು, ಎಲ್ಲ ಬಿಳಿ. "ನೋಡಿದೆಯಾ? ನನ್ನ ಫ್ಯಾಕ್ಟರಿಯದು ಒಂದು ಚೂರೂ ಇಲ್ಲ" ಎಂದು ಗೆದ್ದವಳ ಹಾಗೆ ಹೇಳಿದೆ. ಅವಳು ಬಟ್ಟೆಯನ್ನೂ ನನ್ನನ್ನೂ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಮುಂಗಾರಲ್ಲೂ ಒಂದ್ ಬೆಳೆ ಸಪ್ಪೆ ರೋಗ ಬಂದು ಹೋಯ್ತು. ಇದೂ ಹೋದ್ರೆ ಇನ್ನೊಂದ್ ಸಲ ನೋಡೋದು, ಅದೂ ಕೈ ಕೊಟ್ರೆ ಜೆಸಿಬಿ ತರ್ಸಿ ಗಿಡ ಕೀಳುಸ್ತೀನಿ, ಲೇಔಟಿಗೆ ಕೊಟ್ಬುಡ್ತೀನಿ ಅಂದವ್ರೆ ನಮ್ಮನೆಯವ್ರು" ಎಂದಳು. ಆ ಎರಡು ಎಕರೆ ಗಿಡ ಅವಳು ಮದುವೆಯಾಗಿ ಬಂದ ವರ್ಷ ತನ್ನ ಕೈಯಿಂದ ನೆಟ್ಟಿದ್ದು.

ಈಗ ನೆನೆದರೆ ನಗು ಬರುತ್ತದೆ, ನಾಚಿಕೆಯೂ ಬರುತ್ತದೆ. ನಾನು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಹುಳ ಕಕ್ಕಿದ ರೀತಿ ನೋಡಿದರೆ ಇದು ಔಷಧಿ ಬಿದ್ದ ಸೊಪ್ಪೇ ಎಂದು ತೀರ್ಮಾನ ಮಾಡಿ, ಅಕ್ಕನ ತೋಟದ ಆಚೆ ಟೊಮೇಟೊ ಹಾಕಿದ್ದವನ ಮೇಲೆ ಹೋದೆ. ಗಾಳಿ ನೋಡದೆ ಔಷಧಿ ಹೊಡೆಯುತ್ತೀಯಲ್ಲ, ಪಕ್ಕದಲ್ಲಿ ಹುಳದ ಮನೆ ಇರುವುದು ಕಾಣುವುದಿಲ್ಲವಾ ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವನು ಮಡಕೆ ಹೊತ್ತವನ ಹಾಗೆ ಅಲುಗದೆ ಕೇಳಿದ. ಎಲ್ಲ ಮುಗಿದ ಮೇಲೆ, "ಮೇಡಂ, ಒಸಿ ಈ ಕಡೆ ತಿರುಕ್ಕೊಂಡು ನೋಡಿ" ಎಂದ. ತಿರುಗಿದೆ. ಅವನ ಟೊಮೇಟೊ ಎಂದೋ ಮುಗಿದಿತ್ತು. ಹೊಲ ಉತ್ತು ಬರಿದಾಗಿ ಬಿದ್ದಿತ್ತು.

ಅಲ್ಲಿಂದ ನೇರ ಅಕ್ಕನ ಹುಳದ ಮನೆಗೆ ಹೋದೆ. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿ, ಸೋಪಿನಲ್ಲಿ ಮೊಣಕೈವರೆಗೆ ತೊಳೆದು, ಅಕ್ಕ ಕೊಟ್ಟ ಹಳೆಯ ಸೀರೆ ಉಟ್ಟುಕೊಂಡು ಒಳಗೆ ಕಾಲಿಟ್ಟೆ. ಉದ್ದಕ್ಕೆ ಎರಡು ಸಾಲು ಸ್ಟ್ಯಾಂಡು, ಒಂದೊಂದರಲ್ಲೂ ನಾಲ್ಕು ಅಂತಸ್ತು. ಬಲಗಡೆ ಸಾಲಿನಲ್ಲಿ ಹುಳ ಸತ್ತು ಬಿದ್ದಿದ್ದವು. ಎಡಗಡೆಯ ಸಾಲಿನಲ್ಲಿ ಹುಳ ಸೊಪ್ಪು ತಿನ್ನುತ್ತಿದ್ದವು, ಏನೂ ಆಗೇ ಇಲ್ಲವೆಂಬಂತೆ.

"ಎಡಗಡೆಗೂ ಇದೇ ಸೊಪ್ಪಾ ಅಕ್ಕ?"

"ಇನ್ನೇನು, ಎರಡು ತೋಟ ಐತಾ ನಂಗೆ? ಅದೇ ಸೊಪ್ಪು."

"ಸೊಪ್ಪು ಎಲ್ಲಿ ಇಡುತ್ತೀಯ?"

ಮೂಲೆ ತೋರಿಸಿದಳು. ಕಿತ್ತ ಸೊಪ್ಪು ಬಾಡಬಾರದೆಂದು ಒದ್ದೆ ತಾಟು ಹೊದಿಸಿ ಇಡುವುದು ಹುಳದ ಮನೆಯ ಪದ್ಧತಿ. ತಾಟು ಎಂದರೆ ಚೀಲ ಬಿಚ್ಚಿ ಸೇರಿಸಿ ಹೊಲಿದ ಹೊದಿಕೆ. ಅಲ್ಲಿ ಎರಡು ರಾಶಿ ಇತ್ತು. ಎಡಗಡೆ ಸಾಲಿಗೆ ಹಾಕುವ ಸೊಪ್ಪಿನ ಮೇಲೆ ಹಳೆಯ ಗೋಣಿಯ ತಾಟು. ಬಲಗಡೆಯ ಸೊಪ್ಪಿನ ಮೇಲೆ ಹೊಸ ತಾಟು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ಅಚ್ಚುಕಟ್ಟಾದ ಹೊಲಿಗೆ. ನಾಲ್ಕು ಚೀಲ, ನೀಲಿ ಗೆರೆ.

ನಾನೇ ಮಡಿಸಿ ಕೊಟ್ಟ ಚೀಲಗಳು. ಆ ನೀಲಿ ಗೆರೆಯ ಚೀಲದಲ್ಲಿ ಬರುವುದು ರಬ್ಬರ್ ಬೇಗ ಬೇಯಲೆಂದು ಚಿಟಿಕೆಯಷ್ಟು ಹಾಕುವ ಪುಡಿ. ಅದೇ ಪುಡಿಯನ್ನು ಬೇರೆ ಹೆಸರಿನಲ್ಲಿ ಬೀಜಕ್ಕೆ ಬೂಷ್ಟು ಬಾರದ ಹಾಗೆ ಲೇಪಿಸುತ್ತಾರೆ, ಅಂದರೆ ಅದು ಔಷಧಿ, ಅಂದರೆ ವಿಷ. ಡಿಪ್ಲೊಮಾ ಓದುವಾಗ ಇದನ್ನು ಬರೆದು ಅಂಕ ತೆಗೆದುಕೊಂಡವಳು ನಾನು. ಅದರ ಬಣ್ಣ ಬಿಳಿ. ಬಿಳಿ ಬಟ್ಟೆಯಿಂದ ಒರೆಸಿದರೆ ಏನು ಕಂಡೀತು? ಇಷ್ಟು ವರ್ಷ ನಾನು ಕಪ್ಪಿನ ಹಿಂದೆಯೇ ಬಿದ್ದಿದ್ದೆ. ಕಪ್ಪು ಹೋದರೆ ಎಲ್ಲ ಹೋಯಿತು ಎಂದುಕೊಂಡಿದ್ದೆ. ಗಾಳಿಗೆ ಬಿಡಬಾರದು, ನೀರಿಗೆ ಬಿಡಬಾರದು ಎಂದು ಗೋಡೆ ಕಟ್ಟಿ, ತೊಟ್ಟಿ ಕಟ್ಟಿ, ಕೊನೆಗೆ ವಿಷವನ್ನು ಮಡಿಸಿ, ಎಳ್ಳುಬೆಲ್ಲದ ಜೊತೆ, ಮುಂದಿನ ಬಾಗಿಲಿನಿಂದಲೇ ಕಳಿಸಿದ್ದೆ.

ಅಕ್ಕನಿಗೆ ಏನೂ ಗೊತ್ತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು, ಈ ತಾಟು ಸರಿಯಿಲ್ಲ ಅಕ್ಕ, ಗೋಣಿಯದೇ ಹಾಕು ಎಂದು ಹೇಳಿ ಅದನ್ನು ಎತ್ತಿಕೊಂಡು ಬಂದಿದ್ದರೆ ಆ ವಿಷಯ ಇವತ್ತಿಗೂ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ನನಗೆ ಬಂತು. ಬರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಹುಳದ ಮನೆಯಲ್ಲಿ ನಿಂತು, ಅವಳದೇ ಸೀರೆ ಉಟ್ಟುಕೊಂಡು, ಅವಳಿಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಅಕ್ಕ, ಹುಳ ಸತ್ತದ್ದು ನನ್ನಿಂದಲೇ" ಎಂದೆ. ಎಲ್ಲ ಹೇಳಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕೆಳಗೆ ಕುಕ್ಕರಿಸಿ ಕೂತಳು. "ಸಂಕ್ರಾಂತಿ ದಿನ ಕೊಟ್ಟಿದ್ದು ಕಣವ್ವ ಅದು. ಹಬ್ಬದ ದಿನ ಕೊಟ್ಟಿದ್ದು ಅಂತ ಹೊಲ ಗದ್ದೆಗೆ ತಕ್ಕೊಂಡೋಗ್ದೆ ಹುಳದ ಮನೇಗೆ ಅಂತ ಎತ್ತಿಟ್ಟಿದ್ದೆ" ಎಂದಳು.

ಆ ಮಾತು ಮುಖಕ್ಕೆ ಹೊಡೆದ ಹಾಗಾಯಿತು. ಸತ್ತ ಹುಳವನ್ನೆಲ್ಲ ಗುಂಡಿ ತೋಡಿ ಮುಚ್ಚುವವರೆಗೆ ನಾನು ಅಲ್ಲೇ ಇದ್ದೆ.

ಉಳಿದ ಹದಿನಾಲ್ಕು ಚೀಲ ಕೆಲಸದವರ ಮನೆಗಳಲ್ಲಿದ್ದವು. ಅವುಗಳಲ್ಲಿ ತುಂಬಿರುವುದು ರಾಗಿ. ಅದೇ ಮಧ್ಯಾಹ್ನ ಮಿಲ್ಲಿನವನನ್ನು ಕರೆದುಕೊಂಡು ಊರೂರು ಹೊರಟೆ. ಕೊಟ್ಟದ್ದನ್ನು ವಾಪಸ್ ಕೇಳುವುದು, ಅದೂ ಹಬ್ಬಕ್ಕೆ ಕೊಟ್ಟದ್ದನ್ನು, ನಮ್ಮ ಕಡೆ ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ಮೊದಲ ಮನೆಯಲ್ಲಿ ಹೆಂಗಸು, "ಯಾಕ್ ಮೇಡಂ, ನಾವೇನಾರ ತಪ್ಪು ಮಾಡಿದ್ವಾ?" ಎಂದು ಹೆದರಿದಳು. "ತಪ್ಪು ನಂದು" ಎಂದು ಹೇಳುವುದನ್ನು ನಾನು ಆ ದಿನ ಹನ್ನೊಂದು ಮನೆಗಳ ಬಾಗಿಲಲ್ಲಿ ಕಲಿತೆ. ಮೊದಲನೆಯ ಮನೆಯಲ್ಲಿ ನಾಲಿಗೆ ತೊದಲಿತು, ಮೂರನೆಯದರಲ್ಲಿ ಸಲೀಸಾಯಿತು. ಪುಣ್ಯಕ್ಕೆ ನಮ್ಮ ಜನ ಹಳೇ ರಾಗಿ ಮುಗಿಯದೆ ಹೊಸ ರಾಗಿಯ ಚೀಲ ಬಿಚ್ಚುವವರಲ್ಲ, ಯಾರ ಹೊಟ್ಟೆಗೂ ಅದು ಹೋಗಿರಲಿಲ್ಲ. ಚೀಲದ ಸಮೇತ ರಾಗಿ ತಂದು, ಅದರ ಬದಲು ಬೇರೆ ರಾಗಿ ಕಳಿಸಿದೆ. ಒಂದು ಮನೆಯಲ್ಲಿ ಬಚ್ಚಲಿನ ಬಾಗಿಲಿಗೆ ಪರದೆ ಮಾಡಿಕೊಂಡಿದ್ದರು. ಅದನ್ನು ಬಿಚ್ಚುವಾಗ ಒಳಗಿನಿಂದ ಅಜ್ಜಿಯೊಬ್ಬಳು, "ಯಾವೋಳ್ಲೇ ಅವ್ಳು?" ಎಂದು ಕೂಗಿದಳು. ಮಿಲ್ಲಿನವನು ಆ ದಿನದಲ್ಲಿ ಮೊದಲನೆಯ ಸಲ ನಕ್ಕ. ನನಗೂ ನಗು ಬಂತು, ಬಂದದ್ದು ಒಳ್ಳೆಯದಾಯಿತು.

ಮಾರನೆಯ ದಿನದಿಂದ ಮಾಡಿದ ಕೆಲಸ ಇದು. ಪುಡಿ ತರಿಸುವುದನ್ನು ಪೂರ್ತಿ ನಿಲ್ಲಿಸಿದೆ. ಅದೇ ವಸ್ತು ರಬ್ಬರಿನಲ್ಲಿ ಕಲಸಿ ಮಾಡಿದ ಕಾಳಿನ ರೂಪದಲ್ಲಿ ಸಿಗುತ್ತದೆ. ಕಡಲೆಕಾಳಿನಷ್ಟು ದಪ್ಪ, ಹಾರುವುದಿಲ್ಲ, ಚೀಲಕ್ಕೂ ಅಂಟುವುದಿಲ್ಲ. ಅದರಲ್ಲೂ ಈ ವಿಷದ ಜಾತಿಯದನ್ನೇ ಬಿಟ್ಟು ಬೇರೆ ಜಾತಿಯದನ್ನು ಹುಡುಕಿದೆ. ಬೇಯಲು ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಖಾಲಿ ಚೀಲ ಯಾವುದೇ ಇರಲಿ, ನಡುವೆ ಸೀಳಿ, ಕಟ್ಟಿ, ಅಪಾಯದ ಕಸ ತೆಗೆದುಕೊಂಡು ಹೋಗಲು ಪರವಾನಗಿ ಇರುವವರಿಗೇ ಕೊಡಬೇಕು ಎಂದು ನಿಯಮ ಮಾಡಿದೆ. ಗೋದಾಮಿನಲ್ಲಿ ಪ್ರತಿ ವಸ್ತುವಿನ ಮೇಲೂ ಅದು ಏನು, ಯಾರಿಗೆ ಕೆಡುಕು ಎಂದು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ ಅಂಟಿಸಿದೆ. ಮಿಲ್ಲಿನವನು ನಿಂತು ಎಲ್ಲವನ್ನೂ ಓದಿ, "ಇಷ್ಟ್ ದಿನ ಇದ್ರ ಜೊತೇಲಿ ಬದುಕಿದ್ನಲ್ಲ, ನಂಗೇ ಒಂದ್ ಚೀಟಿ ಅಂಟ್ಸಿ ಮೇಡಂ" ಎಂದ. ಅವನ ಮಾತು ನಗೆಯದಾದರೂ ನನಗೆ ಚುಚ್ಚಿತು. ಅವನಿಗೂ ಉಳಿದವರಿಗೂ ಎದೆಯ ತಪಾಸಣೆ ಮಾಡಿಸಿದೆ, ಎಲ್ಲರೂ ಚೆನ್ನಾಗಿದ್ದರು.

ಅಕ್ಕ ಮಾತ್ರ ಕಾಂಪೌಂಡಿನ ಹತ್ತಿರ ಬರಲಿಲ್ಲ. ಎಡಗಡೆ ಸಾಲಿನ ಹುಳ ಗೂಡು ಕಟ್ಟಿದವು, ಅವಳು ಅದನ್ನು ಮಾರಿ ಬಂದಳು ಎಂಬುದೂ ಬೇರೆಯವರಿಂದ ತಿಳಿಯಿತು. ಹತ್ತು ದಿನ ಬಿಟ್ಟು ನಾನೇ ಹೋದೆ. ಮುಂದಿನ ಬೆಳೆಗೆ ಚಾಕಿ ಹುಳ, ಅಂದರೆ ಎರಡು ಜ್ವರ ದಾಟಿದ ಮರಿ ಹುಳ, ನಾನೇ ತಂದುಕೊಡುತ್ತೇನೆ ಎಂದೆ. ಹುಳದ ಮನೆಯನ್ನು ನಾನೇ ತೊಳೆಯುತ್ತೇನೆ ಎಂದೆ.

ಅವಳು ಸೊಪ್ಪಿನ ಗಿಡಕ್ಕೆ ನೀರು ಕಟ್ಟುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ತಂದ್ಕೊಡು. ಆದ್ರೆ ಇನ್ಮೇಕೆ ನಂಗೆ ಏನ್ ಕೊಟ್ರೂ, ಇದು ಇಂಥಾದ್ದು, ಇದ್ರಲ್ಲಿ ಇದಿತ್ತು ಅಂತ ಹೇಳಿ ಕೊಡ್ಬೇಕು. ಏನೂ ಗೊತ್ತಿಲ್ದೋಳು ಅಂತ ಸುಮ್ನೆ ಕೊಡ್ಬೇಡ. ಆಗ್ತದಾ?"

"ಆಗುತ್ತೆ ಅಕ್ಕ."

"ಇದೇ ಕಡೇ ಬೆಳೆ ಅಂದವ್ರೆ ನಮ್ಮನೆಯವ್ರು. ಲೇಔಟಿನವ್ರು ಬಂದು ಅಳತೇನೂ ಮಾಡ್ಕೊಂಡು ಹೋದ್ರು."

ಎರಡು ದಿನ ನಾವಿಬ್ಬರೂ ಹುಳದ ಮನೆ ತೊಳೆದೆವು. ಸ್ಟ್ಯಾಂಡುಗಳನ್ನು ಬಿಚ್ಚಿ ಬ್ಲೀಚಿಂಗ್ ನೀರಿನಲ್ಲಿ ಉಜ್ಜಿ ಬಿಸಿಲಿಗೆ ಹಾಕಿದೆವು. ಗೋಡೆಗೆ ಸುಣ್ಣ ಬಳಿದೆವು. ಚಾಕಿ ಹುಳ ತಂದ ದಿನ ಅವಳು ಅರಿಶಿನ ಕುಂಕುಮ ಇಟ್ಟು ಮೊದಲ ಸೊಪ್ಪು ಹಾಕಿದಳು. ಅಲ್ಲಿಂದ ಮುಂದಿನ ದಿನಗಳು ನನಗೆ ಹೇಗೆ ಕಳೆದವು ಎಂದು ಕೇಳಬೇಡಿ. ನನ್ನ ಮೇಲೆ ನಾನು ಯಾವತ್ತೂ ಅನುಮಾನ ಪಟ್ಟವಳಲ್ಲ. ಮಾಡಿದ ಕೆಲಸ ಸರಿ ಇದೆ, ಗಾಳಿ ಸರಿ ಇದೆ, ನೀರು ಸರಿ ಇದೆ, ಚೀಲ ಒಂದೂ ಆಚೆ ಇಲ್ಲ ಎಂದು ತಲೆಗೆ ಗೊತ್ತಿತ್ತು. ಆದರೂ ದಿನಾ ಬೆಳಗ್ಗೆ ಕಾಂಪೌಂಡಿನ ಹತ್ತಿರ ಹೋಗಿ, "ಹೆಂಗವೆ ಅಕ್ಕ?" ಎಂದು ಕೇಳದೆ ಚಹಾ ಇಳಿಯುತ್ತಿರಲಿಲ್ಲ. "ಮೂರನೇ ಜ್ವರಕ್ಕೆ ಕೂತವೆ" ಎನ್ನುವಳು. "ಎದ್ದೊ" ಎನ್ನುವಳು. "ನಾಕನೇದು" ಎನ್ನುವಳು. ಹುಳ ನಾಲ್ಕನೇ ಜ್ವರವೂ ಎದ್ದವು. ಹೋದ ಸಲ ಕೈಕೊಟ್ಟಿದ್ದು ಅದಾದ ಮೂರನೆಯ ದಿನ. ಆ ಮೂರನೆಯ ದಿನ ಅವಳೇ ಬಂದು, ನಾನು ಕೇಳುವ ಮುಂಚೆ, "ತಿಂತಾ ಅವೆ ಬುಡು, ಹೋಗಿ ಕೆಲ್ಸ ನೋಡ್ಕೋ" ಎಂದಳು.

ಅದಾದ ನಾಲ್ಕು ದಿನಕ್ಕೆ ಬೆಳಗ್ಗೆ ಒಂಬತ್ತಕ್ಕೆ, ಮಿಲ್ಲು ಆಗಷ್ಟೇ ಶುರುವಾಗಿತ್ತು, ಕಾಂಪೌಂಡಿನ ಆಚೆಯಿಂದ ಅಕ್ಕನ ಕೂಗು.

"ಹುಳ ಒಂದೇ ಸಲಕ್ಕೆ ಹಣ್ಣಾಗ್ಬುಟ್ಟವೆ ಕಣವ್ವ! ಆಳು ಸಾಲ್ದು! ನಿನ್ ಹೆಂಗಸ್ರನ್ನ ಒಸಿ ಕಳ್ಸು!"

ಹಣ್ಣಾದ ಹುಳ ಕಾಯುವುದಿಲ್ಲ. ಮೈ ಬೆಳಕಿಗೆ ಹಿಡಿದ ದ್ರಾಕ್ಷಿಯ ಹಾಗಾಗಿ, ತಲೆ ಎತ್ತಿ ನೂಲು ಬಿಡಲು ಜಾಗ ಹುಡುಕುತ್ತದೆ. ಅಷ್ಟರೊಳಗೆ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಗೋಡೆ ಕಟ್ಟಿದ ಚಂದ್ರಿಕೆ, ಗೂಡು ಕಟ್ಟುವುದು ಅದರಲ್ಲಿ. ತಡವಾದರೆ ಸೊಪ್ಪಿನಲ್ಲೇ ನೂಲು ಹಾಳು ಮಾಡುತ್ತದೆ. ನಾನು ಮಿಲ್ಲು ನಿಲ್ಲಿಸಿ ಎಂದೆ, ಪ್ರೆಸ್ಸೂ ನಿಲ್ಲಿಸಿ ಎಂದೆ. ಅವತ್ತು ಸಾಯಂಕಾಲ ಕಳಿಸಬೇಕಾದ ಮಾಲಿತ್ತು. ತೆಗೆದುಕೊಳ್ಳುವವರಿಗೆ ಫೋನು ಮಾಡಿ ನಾಳೆ ಎಂದೆ. ಹನ್ನೆರಡು ಜನರೂ ಸಾಲಾಗಿ ನಿಂತು ಸೋಪು ಹಚ್ಚಿ ಕೈ ಉಜ್ಜಿದೆವು, ಬಟ್ಟೆ ಬದಲಿಸಿದೆವು, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿದೆವು. ಅವರೆಲ್ಲ ಒಳಗೆ ಹೋದರು. ನಾನು ಮಾತ್ರ ಬಾಗಿಲಲ್ಲಿ ನಿಂತೆ. ಎಷ್ಟು ಉಜ್ಜಿದರೂ ನನ್ನ ಉಗುರಿನ ಸಂದಿಯಲ್ಲಿ ಎಷ್ಟೋ ವರ್ಷದ ಕಪ್ಪು ಗೆರೆ ಹಾಗೇ ಇತ್ತು.

"ನಾನು ಚಂದ್ರಿಕೆ ಎತ್ತಿ ಕೊಡುತ್ತೇನೆ ಅಕ್ಕ, ಹುಳ ಮುಟ್ಟುವುದಿಲ್ಲ" ಎಂದೆ.

ಅವಳು ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು, ಮೂಸಿಯೂ ನೋಡಿದಳು. "ಸೋಪಿನ ವಾಸ್ನೆ ಐತೆ, ಇನ್ನೇನಿಲ್ಲ. ಬಾ" ಎಂದು ಒಂದು ಬೊಗಸೆ ಹಣ್ಣು ಹುಳ ನನ್ನ ಕೈಗೆ ಸುರಿದಳು. ತಣ್ಣಗೆ, ಮೆತ್ತಗೆ, ಜೀವ ಇದ್ದವು.

ಮಧ್ಯಾಹ್ನದ ಹೊತ್ತಿಗೆ ಅವಳ ಗಂಡ ಬಂದ. ಬಾಗಿಲ ಆಚೆಯೇ ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಂದು ಚಂದ್ರಿಕೆಯ ಮುಂದೆ ಬಗ್ಗಿ ನೋಡಿದ. ಬೆಳಗ್ಗೆ ಬಿಟ್ಟ ಹುಳ ಆಗಲೇ ತೆಳ್ಳಗೆ ನೂಲು ಸುತ್ತತೊಡಗಿದ್ದವು. ಅವನು ಎರಡೂ ಸಾಲುಗಳ ಉದ್ದಕ್ಕೂ ನಡೆದು, ಕೊನೆಯ ತನಕ ಹೋಗಿ, ವಾಪಸ್ ಬಂದ. ಅಕ್ಕ ಕೆಲಸ ಬಿಡದೆ, ಅವನ ಕಡೆ ನೋಡದೆ, "ಅದೇನೋ ಜೆಸಿಬಿಯವ್ನಿಗೆ ಹೇಳ್ಬೇಕು ಅಂತಿದ್ರಲ್ಲ" ಎಂದಳು.

ಎಲ್ಲರ ಕೈಯೂ ನಿಂತಿತು. ಅವನು ಜೇಬಿನಿಂದ ಫೋನು ತೆಗೆದ. ಬಾಗಿಲ ಆಚೆ ಹೋಗಿ, ನಮಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡಿದ.

"ಲೇ, ಹಟ್ಟಿ ಗೊಬ್ರ ಐತೇನ್ಲಾ? ಎರಡ್ ಲೋಡು ಬೇಕು. ಇನ್ಯಾತಕ್ಕೆ, ಸೊಪ್ಪಿನ್ ತೋಟಕ್ಕೆ ಕಣ್ಲಾ."

ಅಕ್ಕ ತಲೆ ತಗ್ಗಿಸಿ ಹುಳ ಆರಿಸುತ್ತಲೇ ಇದ್ದಳು. ನನ್ನ ಕಣ್ಣು ತುಂಬಿ ಬಂತು. ಎರಡೂ ಕೈ ತುಂಬ ಅವಳ ಹುಳ ಇದ್ದುದರಿಂದ ಒರೆಸಿಕೊಳ್ಳಲು ಆಗಲಿಲ್ಲ.